ತಪಾಸಣೆಯಲ್ಲಿ ಪಾಸಾದ ಗಂಗಕ್ಕ

ಹಳೆಯ ಜೀಪು ಓಣಿಯ ತಿರುವಿನಲ್ಲಿ ಗೇರು ಬದಲಿಸುವಾಗ ಗೊರಗೊರ ಅಂತ ಒಂದು ಸಪ್ಪಳ ಮಾಡುತ್ತದಲ್ಲ, ಅದು ಕಿವಿಗೆ ಬಿದ್ದರೆ ನಾನು ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಮುಚ್ಚುತ್ತೇನೆ. ಯಾಕೆಂದು ನಮ್ಮ ಮನೆಯವರಿಗೆ ತಿಳಿಯುವುದಿಲ್ಲ, ನಾನು ಹೇಳಲು ಹೋಗುವುದೂ ಇಲ್ಲ. ಬೈಲಹೊಂಗಲದಲ್ಲಿ ನನ್ನ ಮಗಳ ಶಾಲೆಗೆ ರಕ್ತ ತಪಾಸಣೆಯವರು ಬಂದ ದಿನ ಅಂಥದೇ ಒಂದು ಜೀಪು ಗೇಟಿನ ಮುಂದೆ ನಿಂತಿತ್ತು. ತಾಯಂದಿರೆಲ್ಲ ಗುಂಪಾಗಿ ನಿಂತು ಪಿಸುಗುಡುತ್ತಿದ್ದರು. "ನಮ್ಮ ಹುಡುಗ್ರ ರಕ್ತಾ ತಗೊಂಡು ಇವ್ರೇನ ಮಾಡ್ತಾರ್ರಿ?" ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು. ಡಿಗ್ರಿ ಮಾಡಿದವಳು, ದಿನಾ ಪೇಪರು ಓದುವವಳು, ನಾನು ಉತ್ತರ ಕೊಡಬೇಕಿತ್ತು. ನೋಡಿದರೆ ನನ್ನ ಕೈ ಮಗಳ ಮೊಳಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಮ್ಮ ಆಯಿ ನನ್ನೊಳಗೆ ಇನ್ನೂ ಕುಂತಿದ್ದಾಳೆ ಅನ್ನಿಸಿ ನಗು ಬಂತು.

ಆಯಿ ಎಂದರೆ ನಮ್ಮಪ್ಪನ ತಾಯಿ. ನಮ್ಮ ಮನೆ ಇದ್ದದ್ದು ಸಂಪಗಾಂವದಲ್ಲಿ. ದೊಡ್ಡ ಮನೆ ಎನ್ನುತ್ತಿದ್ದರು. ದೊಡ್ಡದು ಅಂದರೆ ವಾಡೆಯೇನಲ್ಲ, ಮಂದಿ ಬಹಳ ಅಷ್ಟೇ. ಬಾಗಿಲು ದಾಟಿದರೆ ಮೊದಲು ಎತ್ತು ಎಮ್ಮೆ, ಒಂದು ಕಟ್ಟೆ ಏರಿದರೆ ನಾವು. ಹಸಿ ಮೇವಿನ ವಾಸನೆ, ಅದರ ಮೇಲೆ ಒಳಗಿನಿಂದ ಬರುವ ಗುರೆಳ್ಳು ಹುರಿದ ವಾಸನೆ, ಅದರ ಮೇಲೆ ಆಯಿ ಮೂಗಿಗೇರಿಸುವ ತಪಕೀರಿನ ಘಾಟು. ಮೂರೂ ಕೂಡಿದರೇ ನನಗೆ ಮನೆ. ಬೆಳಕಿಂಡಿಯಿಂದ ಪಡಸಾಲೆಗೆ ಒಂದು ಕೋಲು ಬಿಸಿಲು ಬೀಳುತ್ತಿತ್ತು, ಅದು ಯಾವ ಕಂಬ ಮುಟ್ಟಿತು ಎಂದು ನೋಡಿ ದೊಡ್ಡವ್ವ ಒಲೆ ಹೂಡುತ್ತಿದ್ದಳು. ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಗಂಗಕ್ಕನ ತಾಯಿ. ಮಾತು ಕಡಿಮೆ. ಮನೆಯ ಮಾತೆಲ್ಲ ಆಯಿಯದೇ. ಆಯಿಗೋ ಈ ಭೂಮಿಯ ಮೇಲೆ ಯಾರ ಮೇಲೂ ಭರವಸೆ ಇರಲಿಲ್ಲ. ಬಳೆಗಾರ ಬಂದರೆ ಬಳೆಗಳನ್ನು ಒಂದಕ್ಕೊಂದು ತಾಗಿಸಿ, ಸೀಳು ಬಿಟ್ಟಿವೆಯೇನೋ ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ಯಾರಾದರೂ ನಕ್ಕು ಮಾತಾಡಿಸಿದರೆ ಅವರು ಹೋದ ಮೇಲೆ, "ಇವ ಯಾಕ ಇಷ್ಟ ನಕ್ಕಾ ಇವತ್ತ?" ಎನ್ನುತ್ತಿದ್ದಳು. ಆದರೆ ನೋಡ್ರಿ, ಅದೇ ಆಯಿ ನಮ್ಮ ಪ್ರತಿಯೊಬ್ಬರ ರೊಟ್ಟಿಯ ಕೆಳಗೆ ಬೆಣ್ಣೆಯ ಮುದ್ದೆಯೊಂದನ್ನು ಯಾರಿಗೂ ಕಾಣದಂತೆ ಇಟ್ಟು, "ನಿನಗಷ್ಟ ಇಟ್ಟೇನಿ, ಸುಮ್ನ ತಿನ್ನು" ಎಂದು ಎಲ್ಲರಿಗೂ ಬೇರೆ ಬೇರೆ ಹೇಳುತ್ತಿದ್ದಳು.

ಗಂಗಕ್ಕ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು. ನನ್ನ ಜಡೆ ಹಾಕುವವಳು, ಶಾಲೆಗೆ ಕರೆದೊಯ್ಯುವವಳು, ದಾರಿಯಲ್ಲಿ ನಾಯಿ ಬಂದರೆ ನನ್ನ ಮುಂದೆ ನಿಲ್ಲುವವಳು ಅವಳೇ. ಒಂದು ದೀಪಾವಳಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ದೊಡ್ಡವ್ವನಿಗೆ ಅವಳ ಬಲಗೈಯ ಮೊಳಕೈ ಕೆಳಗೆ ಎಂಟಾಣೆಯಷ್ಟು ಅಗಲದ ಮಸುಕು ಬಿಳಿ ಮಚ್ಚೆ ಕಂಡಿತು. ತಿಕ್ಕಿದಳು, ಹೋಗಲಿಲ್ಲ. ಚಿವುಟಿದಳು, ಗಂಗಕ್ಕ ಸುಮ್ಮನೆ ಇದ್ದಳು. ದೊಡ್ಡವ್ವನ ಕೈಯೊಳಗಿನ ತಂಬಿಗೆ ಅಲ್ಲೇ ನಿಂತಿತು. ಆಯಿ ಬಂದು ನೋಡಿ, "ಬಿಸಲಿಗಿ ಆಗೇತಿ. ಬೇವಿನೆಣ್ಣಿ ಹಚ್ಚು, ಬಾಯಿ ಮುಚ್ಚು" ಎಂದಳು.

ಹಬ್ಬ ಮುಗಿದು ಶಾಲೆ ಸುರುವಾದಾಗ ಹೆಡ್ ಮಾಸ್ತರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು, ಬರುವ ಸೋಮವಾರ ಸರಕಾರದವರು ಬಂದು ಎಲ್ಲ ಮಕ್ಕಳ ಮೈ ಚರ್ಮ ನೋಡುತ್ತಾರೆ, ಯಾರೂ ತಪ್ಪಿಸುವಂತಿಲ್ಲ ಎಂದು. ಸಂಜೆಯ ಹೊತ್ತಿಗೆ ಊರೆಲ್ಲ ಗುಜುಗುಜು. ಇದು ಚರ್ಮ ನೋಡುವ ನೆಪ ಅಷ್ಟೇ, ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗದಂಥ ಸೂಜಿ ಹಾಕುತ್ತಾರೆ ಎಂದರು ಕೆಲವರು. ರಕ್ತ ತೆಗೆದು ದೊಡ್ಡ ಊರುಗಳಲ್ಲಿ ಮಾರುತ್ತಾರೆ ಎಂದರು ಇನ್ನು ಕೆಲವರು. ಈಗ ಇದನ್ನೆಲ್ಲ ಹೇಳಿದರೆ ನೀವು ನಗುತ್ತೀರಿ. ನಗಬೇಡಿ. ಹಿಂದೆ ಇಂಥದೇ ಜೀಪು ಬಂದು, ಸಂತೆಗೆ ಹೋದ ಗಂಡಸರನ್ನು ಹತ್ತಿಸಿಕೊಂಡು ಹೋಗಿ ಮಕ್ಕಳಾಗದಂತೆ ಆಪರೇಶನ್ ಮಾಡಿ ಕಳಿಸಿತ್ತು ಅನ್ನುವ ಕಥೆ ಪ್ರತಿಯೊಂದು ಕಟ್ಟೆಯ ಮೇಲೂ ಇತ್ತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವುದು ಸುಳ್ಳಲ್ಲ.

ಆದರೆ ಆಯಿಯ ಸಂಶಯ ಇವೆಲ್ಲಕ್ಕಿಂತ ಬೇರೆ. ಆಕೆಗೆ ಸೂಜಿಯ ಅಂಜಿಕೆ ಇರಲಿಲ್ಲ, ಜೀಪಿನ ಅಂಜಿಕೆ ಇತ್ತು. ಹಿಂದಿನ ಸಲ ತಪಾಸಣೆ ಆದಾಗ ಕೆಳಗಿನ ಓಣಿಯ ಶಿವಕ್ಕ ಎಂಬ ಹುಡುಗಿಯ ಬೆನ್ನ ಮೇಲೆ ಮಚ್ಚೆ ಸಿಕ್ಕಿತ್ತು. ಮರುದಿನ ಜೀಪು ಅವಳ ಮನೆಯ ಮುಂದೆ ಬಂದು ನಿಂತಿತು, ಮನೆಯವರನ್ನೆಲ್ಲ ನೋಡಿ, ಗುಳಿಗೆ ಕೊಟ್ಟು, ಒಳ್ಳೆಯ ಮಾತಾಡಿ ಹೋಯಿತು. ಜೀಪಿನವರದೇನೂ ತಪ್ಪಿಲ್ಲ. ಆದರೆ ಅದರ ಮರುದಿನದಿಂದ ಅವರ ಮನೆಯ ಹಾಲನ್ನು ಯಾರೂ ಕೊಳ್ಳಲಿಲ್ಲ. ಬಾವಿಯ ಹತ್ತಿರ ಅವಳ ತಾಯಿ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ದೊಡ್ಡರೋಗದವರು, ಕುಷ್ಠದವರು ಎಂದು ಹೆಸರಾಯಿತು. ಮಳೆಗಾಲ ಬರುವಷ್ಟರಲ್ಲಿ ಅವರು ಮನೆಗೆ ಕೀಲಿ ಹಾಕಿ ಊರು ಬಿಟ್ಟರು. ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ. ಎಂಥಾ ಊರು ಅದು, ಥೂ! ಅದೇ ಊರಿನ ಹೆಂಗಸರು ಮುಂಜಾನೆ ಎದ್ದು ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದರು, ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದರು.

ನಮ್ಮ ಮನೆಯಲ್ಲೋ ಆ ವರ್ಷ ಸುಶೀಲತ್ತಿಯ ಲಗ್ನ ಗಟ್ಟಿಯಾಗಿತ್ತು. ಸುಶೀಲತ್ತಿ ನಮ್ಮಪ್ಪನ ಕೊನೆಯ ತಂಗಿ, ಗಂಡಿನವರು ಸುರೇಬಾನದವರು. ಗಂಗಕ್ಕನ ಮಚ್ಚೆ ಬಯಲಾದರೆ ಜೀಪು ನಮ್ಮ ಬಾಗಿಲಿಗೆ ಬರುತ್ತದೆ, ಜೀಪು ಬಂದರೆ ಸುದ್ದಿ ಸುರೇಬಾನಕ್ಕೆ ಹೋಗುತ್ತದೆ. ಅಡುಗೆಮನೆಯಲ್ಲಿ ದೊಡ್ಡವ್ವ ಮೊದಲ ಸಲ ಅತ್ತೆಯ ಎದುರು ಮಾತಾಡಿದ್ದನ್ನು ನಾನು ಕೇಳಿದೆ. "ಅತ್ತಿ, ತೋರಸೂಣ್ರಿ. ಸಣ್ಣದ ಐತಿ, ಈಗ ಔಷಧ ತಗೊಂಡ್ರ ಹೊಕ್ಕೈತಿ. ನನಗ ಯಾಕೋ ಜೀವಾ ತಡಿವಲ್ದು." ಆಯಿ ತಪಕೀರು ಏರಿಸಿ, ಕಣ್ಣು ಒರೆಸಿಕೊಂಡು, ಮೆಲ್ಲಗೆ ಅಂದಳು: "ರೋಗಕ್ಕ ಔಷಧ ಐತಿ, ನನಗೂ ಗೊತ್ತೈತಿ. ಊರ ಬಾಯಿಗಿ ಎಲ್ಲಿ ಐತಿ? ಲಗ್ನ ಮುಗೀಲಿ, ನಾನ ಕೈ ಹಿಡಕೊಂಡು ಬೆಳಗಾವಿಗಿ ಕರಕೊಂಡ ಹೊಕ್ಕೇನಿ." ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಗಂಗಕ್ಕನನ್ನು ಆ ದಿನ ಶಾಲೆ ಬಿಡಿಸಿದರೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿ ಅಷ್ಟು ದಡ್ಡಿಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತದೆ ಅನ್ನುವುದು ಆಕೆಗೆ ಗೊತ್ತಿತ್ತು. ಹುಡುಗಿ ಹೋಗಬೇಕು, ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲಬೇಕು, ಪಾಸಾಗಿ ಬರಬೇಕು. ತಪಾಸಣೆ ಹೇಗೆ ಮಾಡುತ್ತಾರೆ ಎಂದು ನಮ್ಮೂರಲ್ಲಿ ಯಾರನ್ನೂ ಕೇಳದೆ ಬೇರೆ ಊರಿನವರಿಂದ ತಿಳಿದುಕೊಂಡು ಬಂದಳು. ಮಚ್ಚೆ ಕಂಡರೆ ಕಣ್ಣು ಮುಚ್ಚಿಸುತ್ತಾರೆ, ಪೆನ್ನಿನ ತುದಿಯಿಂದ ಮುಟ್ಟುತ್ತಾರೆ, ಎಲ್ಲಿ ಮುಟ್ಟಿದೆ ತೋರಿಸು ಎನ್ನುತ್ತಾರೆ. ತೋರಿಸಿದರೆ ಪಾಸು. ಅಷ್ಟೇ ತಾನೇ! ಹೊರಗಿನ ಬಾಗಿಲು ಮುಂದೆ ಮಾಡಿ, ಪಡಸಾಲೆಯಲ್ಲಿ ಗಂಗಕ್ಕನನ್ನು ಕುಳ್ಳಿರಿಸಿ, ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡಳು. "ಕಣ್ಣ ಮುಚ್ಚು." ಮುಂಗೈ ಮೇಲೆ ಮುಟ್ಟಿದಳು, ಗಂಗಕ್ಕ ತೋರಿಸಿದಳು. ಭುಜಕ್ಕೆ ಮುಟ್ಟಿದಳು, ತೋರಿಸಿದಳು. ಮಚ್ಚೆಯ ಮೇಲೆ ಮುಟ್ಟಿದಳು, ಗಂಗಕ್ಕ ಕಣ್ಣು ಮುಚ್ಚಿಕೊಂಡು, "ಮುಟ್ಟು ಆಯಿ, ಯಾಕ ಸುಮ್ನ ಆದಿ?" ಎಂದು ಕಾಯುತ್ತ ಕೂತಳು. ಆಯಿಯ ಮುಖ ನಾನು ನೋಡಿದೆ. ಒಂದು ಗಳಿಗೆ ಆಕೆ ಕಡ್ಡಿಯನ್ನು ಎತ್ತಲೇ ಇಲ್ಲ. ಆಮೇಲೆ, "ನಾ ಕೆಮ್ಮಿದ ಕೂಡ್ಲೆ ಇಲ್ಲಿ ಬೆರಳಿಡಬೇಕು, ತಿಳೀತಿಲ್ಲೋ?" ಎಂದು ಮಚ್ಚೆಯ ಮೇಲೆ ಗಂಗಕ್ಕನ ಎಡಗೈ ಬೆರಳನ್ನೇ ಹಿಡಿದು ಒತ್ತಿದಳು. ನಮಗೆ ಅದು ಆಟ. ಸೋಮವಾರದವರೆಗೂ ಊಟ ಆದ ಮೇಲೆ ಅದೇ ಆಟ. ಗಂಗಕ್ಕ ಶಾಣ್ಯಾ ಹುಡುಗಿ, ತಪ್ಪು ಮಾಡುವುದು ಬಿಟ್ಟೇಬಿಟ್ಟಳು.

ಸೋಮವಾರ ಜೀಪು ಬಂತು. ಊರ ಹೆಂಗಸರೆಲ್ಲ ತಮ್ಮ ತಮ್ಮ ಮಕ್ಕಳಿಗೆ ಏನು ಮಾಡುತ್ತಾರೋ ನೋಡಬೇಕೆಂದು ಶಾಲೆಯ ಕಿಟಕಿಗಳಿಗೆ ಮುತ್ತಿಕೊಂಡರು. ಹೆಡ್ ಮಾಸ್ತರು ಬೆತ್ತ ಹಿಡಿದು, "ಮನಿಗಿ ನಡೀರಿ, ಇದೇನ ಸರ್ಕಸ್ ಐತೇನು?" ಎಂದು ಕೂಗಿದರೂ ಯಾರೂ ಕದಲಲಿಲ್ಲ. ಹುಡುಗಿಯರನ್ನು ನೋಡಲು ಒಬ್ಬ ನರ್ಸಬಾಯಿ ಬಂದಿದ್ದಳು. ಪಾಪ, ದಣಿದ ಹೆಂಗಸು, ಇನ್ನೂ ಯಾವ ಯಾವ ಊರಿಗೆ ಹೋಗಬೇಕಿತ್ತೋ, ಹೊರಗೆ ಡ್ರೈವರ್ ಹಾರನ್ ಹಾಕುತ್ತಲೇ ಇದ್ದ. ಗಂಗಕ್ಕನ ತೋಳು ನೋಡಿ ನಿಂತಳು. ಕಣ್ಣು ಮುಚ್ಚಲು ಹೇಳಿ ಜೇಬಿನಿಂದ ಬಾಲ್‌ಪೆನ್ನು ತೆಗೆದಳು. ನಾನು ಸಾಲಿನಲ್ಲಿ ಹಿಂದೆಯೇ ಇದ್ದೆ. ಪೆನ್ನು ಮಚ್ಚೆಗೆ ತಾಗಿತು, ಕಿಟಕಿಯಲ್ಲಿ ಆಯಿ ಕೆಮ್ಮಿದಳು, ಗಂಗಕ್ಕನ ಬೆರಳು ನೇರವಾಗಿ ಮಚ್ಚೆಯ ಮೇಲೆ ಬಂದು ಕೂತಿತು. ನರ್ಸಬಾಯಿ ಒಮ್ಮೆ ಕಿಟಕಿಯ ಕಡೆ ನೋಡಿದಳು. ಇನ್ನೊಮ್ಮೆ ಮುಟ್ಟಿದಳು. ಇನ್ನೊಮ್ಮೆ ಕೆಮ್ಮು. "ಬರೇ ಬಿಸಿಲಿನ ಮಚ್ಚಿ ಕಾಣತೈತಿ" ಎಂದು ಗಂಗಕ್ಕನ ಗಲ್ಲ ತಟ್ಟಿ, "ಮುಂದ ಬರ್ರಿ" ಎಂದು ನನ್ನ ಕೈ ಹಿಡಿದಳು.

ಆ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರು, ಗೊತ್ತೇ? ಪರೀಕ್ಷೆಯಲ್ಲಿ ಪಾಸಾದವರಿಗೂ ಅಷ್ಟು ತುಪ್ಪ ಬಿದ್ದದ್ದನ್ನು ನಾನು ನೋಡಿಲ್ಲ. ಆಯಿ ಗಂಗಕ್ಕನಿಗೆ ದೃಷ್ಟಿ ತೆಗೆದಳು. ದೊಡ್ಡವ್ವ ಮಾತ್ರ ಹೋಳಿಗೆ ತಟ್ಟಿ ತಟ್ಟಿ ಇಟ್ಟಳು, ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಸುಶೀಲತ್ತಿಯ ಲಗ್ನ ಚೆಂದವಾಗಿ ಆಯಿತು. ಆಮೇಲೆ ಬೆಳಗಾವಿಗೆ ಹೋಗುವ ಮಾತು ಒಂದೆರಡು ಸಲ ಬಂತು. ಸುಗ್ಗಿ ಅಡ್ಡ ಬಂತು, ಆಮೇಲೆ ತೀರಿಹೋದ ಅಜ್ಜನ ತಿಥಿ ಬಂತು. ಮಚ್ಚೆ ಬೇವಿನೆಣ್ಣೆಗೆ ಮಾಸಿದಂತೆ ಕಂಡಿತು. ನೋವಿಲ್ಲ, ತುರಿಕೆಯಿಲ್ಲ. ನೋವಿಲ್ಲದ ರೋಗವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

ಗಂಗಕ್ಕ ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ರೊಟ್ಟಿ ಬಡಿಯುವ ಹೆಂಗಸರನ್ನು ನಮ್ಮ ಕಡೆ ಹೇಗೆ ಅಳೆಯುತ್ತಾರೆ ಎಂಬುದು ನಿಮಗೆ ಗೊತ್ತಿರಬಹುದು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಹುಟ್ಟು ಸೌಟು ಮುಟ್ಟದೆ ಬರಿಗೈಯಿಂದ ತಿರುವಬೇಕು, "ಹಾ" ಎನ್ನಬಾರದು, ಬೆರಳಿಗೆ ಉಫ್ ಎಂದು ಊದಿಕೊಳ್ಳಬಾರದು. ಹೊಸದಾಗಿ ಕಲಿಯುವವರು ಚುರ್ ಎಂದಾಗೊಮ್ಮೆ ಕೈ ಜಾಡಿಸುತ್ತಾರೆ. ಗಂಗಕ್ಕ ಒಂದು ದಿನವೂ ಜಾಡಿಸಲಿಲ್ಲ. ಕಿರುಬೆರಳಿನ ಅಂಚು ಹಂಚಿಗೆ ತಾಗಿಯೇ ಇದ್ದರೂ ಅವಳು ನನ್ನ ಸಂಗಡ ನಗುತ್ತ ಮಾತಾಡುತ್ತಿದ್ದಳು. ಓಣಿಯ ಹೆಂಗಸರು ಬಂದು ನೋಡಿ, "ಅಬಾಬಾ, ಏನ ಪಳಗಿದ ಕೈ ಐತಿಬೇ ಹುಡುಗಿದು! ಕೊಟ್ಟ ಮನಿ ಬೆಳಗತಾಳ" ಎನ್ನುತ್ತಿದ್ದರು. ಆಯಿಗೆ ಹಿಗ್ಗು. ಗಂಗಕ್ಕನಿಗೂ ಹಿಗ್ಗು. ಬೆರಳಿನ ಅಂಚಿನಲ್ಲಿ ಬೊಬ್ಬೆ ಎದ್ದಾಗ ನಾನು, "ಉರಿಯಂಗಿಲ್ಲೇನ ಅಕ್ಕಾ?" ಎಂದು ಕೇಳಿದರೆ, "ರೂಢಿ ಆದ್ರ ಯಾರಿಗೂ ಉರಿಯಂಗಿಲ್ಲವಾ" ಎಂದಳು. ಅವಳು ನಿಜವಾಗಿಯೂ ಹಾಗೆಯೇ ನಂಬಿದ್ದಳು. ಎಲ್ಲರಿಗೂ ಹೀಗೆಯೇ ಆಗುತ್ತದೆ, ಕೈ ಪಳಗುವುದು ಎಂದರೆ ಇದೇ ಎಂದುಕೊಂಡಿದ್ದಳು. ಅವಳನ್ನು ನೋಡಲು ಸವದತ್ತಿ ಕಡೆಯ ಗಂಡಿನವರು ಬಂದಾಗ ಗಂಡಿನ ತಾಯಿ, ಅಂದರೆ ನಮ್ಮ ಬೀಗಿತಿ, ಅಡುಗೆಮನೆಯ ತನಕ ಬಂದು ಅವಳು ರೊಟ್ಟಿ ತಿರುವುವುದನ್ನು ನೋಡಿದಳು, ಅಲ್ಲೇ ಒಪ್ಪಿದಳು. ದೊಡ್ಡವ್ವನ ಕಣ್ಣು ಮಾತ್ರ ಮಗಳ ಬೆರಳುಗಳ ಮೇಲೇ ಇತ್ತು. ಏನೋ ಹೇಳಲು ಬಾಯಿ ತೆರೆದವಳು ಆಯಿಯ ಕಡೆ ನೋಡಿ ಹಿಟ್ಟಿನ ಮುದ್ದೆಯನ್ನು ಮಗಳ ಮುಂದೆ ಸರಿಸಿದಳು. ಬಾಯಿ ಬಿಟ್ಟರೆ ಬಣ್ಣಗೇಡು.

ಪಂಚಮಿ ಹಬ್ಬಕ್ಕೆ ಗಂಡನ ಮನೆಯಿಂದ ಹೆಣ್ಣುಮಗಳನ್ನು ಕರೆತರಲು ತವರಿನವರು ಹೋಗಬೇಕು, ಅದು ಪದ್ಧತಿ. ಲಗ್ನವಾದ ಎರಡನೆಯ ವರ್ಷ ನಮ್ಮವರು ಹೊರಡುವ ಮೊದಲೇ ಅಳಿಯನೇ ಗಂಗಕ್ಕನನ್ನು ತಂದು ಬಿಟ್ಟ. ಚಹಾ ಕುಡಿಯಲಿಲ್ಲ, ನೀರು ಕೊಟ್ಟರೆ ತಂಬಿಗೆ ಮುಟ್ಟಲಿಲ್ಲ, "ಬಸ್ ಐತ್ರಿ" ಎಂದು ಹೋದ. "ಕರಿಯಾಕ ಹೋಗೂಕಿಂತ ಮೊದ್ಲ ಬಂದಾನಂದ್ರ ಇದ್ರಾಗ ಏನೋ ಐತಿ" ಎಂದು ಆಯಿ ಕಟ್ಟೆಯ ಮೇಲೇ ನಿಂತಳು. ಒಳಗೆ ಗಂಗಕ್ಕ ಸೆರಗಿನೊಳಗಿನಿಂದ ಬಲಗೈ ತೆಗೆದು ತೋರಿಸಿದಳು. ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಒಳಗೆ ಮಡಚಿಕೊಂಡಿದ್ದವು. ಸವದತ್ತಿಯ ದವಾಖಾನೆಯಲ್ಲಿ ತೋರಿಸಿದ್ದರಂತೆ. ರೋಗ ಗುಳಿಗೆಯಿಂದ ಪೂರಾ ಹೋಗುತ್ತದೆ, ಯಾರಿಗೂ ಹತ್ತುವುದಿಲ್ಲ, ಆದರೆ ಸತ್ತ ನರ ಮರಳಿ ಬರುವುದಿಲ್ಲ ಎಂದಿದ್ದರಂತೆ ಡಾಕ್ಟರು. "ಮೊದ್ಲ ಯಾಕ ತೋರಸಲಿಲ್ಲವಾ ಅಂತ ಕೇಳಿದ್ರು" ಎಂದಳು ಗಂಗಕ್ಕ. ದೊಡ್ಡವ್ವ ಅಂದಿನಿಂದ ಆಯಿಯ ಗಂಗಾಳಕ್ಕೆ ಬಡಿಸುವ ಕೆಲಸವನ್ನು ನಮ್ಮವ್ವನಿಗೆ ಬಿಟ್ಟಳು.

ಗುಳಿಗೆ ಮುಗಿದವು. ರೋಗ ಹೋಯಿತು ಎಂದು ಡಾಕ್ಟರು ಹೇಳಿದರು. ಕರೆದೊಯ್ಯಲು ಯಾರೂ ಬರಲಿಲ್ಲ. ಇನ್ನೊಂದು ಪಂಚಮಿ ಬಂತು, ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡಿ, ಉಂಡಿ ಕಟ್ಟಿಕೊಂಡು ಗಂಡನ ಮನೆಗಳಿಗೆ ಮರಳಿದರು, ಗಂಗಕ್ಕ ಕಟ್ಟೆಯ ಮೇಲೆ ಕೂತು ನೋಡಿದಳು. ಆಯಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಬೀಗರ ಮನೆಗೆ ಹೋದಳು. ಯಾರನ್ನೂ ನಂಬದ ನಮ್ಮ ಆಯಿ ಅವರ ಪಡಸಾಲೆಯಲ್ಲಿ ಕೂತು, ಡಾಕ್ಟರು ಹಿಂಗಂದಾರ್ರಿ, ಡಾಕ್ಟರು ಹಂಗಂದಾರ್ರಿ ಎಂದು ಕೈ ಮುಗಿದು ಹೇಳುವುದನ್ನು ನಾನು ಕಣ್ಣಾರೆ ನೋಡಿದೆ. "ನಂಬಿಕಿ ಇಲ್ಲಂದ್ರ ನಿಮ್ಮ ಕಣ್ಣ ಮುಂದ ತಪಾಸ ಮಾಡಸ್ರಿ. ನಾನೂ ಕೈ ಚಾಚತೇನಿ, ನಮ್ಮ ಮನಿ ಮಂದಿ ಎಲ್ಲಾ ಚಾಚತೇವಿ." ಬೀಗಿತಿ ಕೆಟ್ಟ ಹೆಂಗಸೇನಲ್ಲ. ದನಿ ಏರಿಸಲಿಲ್ಲ. "ಹಿರ್ಯಾರು ನೀವು, ನಿಮಗ ನಾ ಏನ ಹೇಳ್ಲಿ?" ಎಂದಳು. "ಸಾಲ್ಯಾಗ ಇದ್ದಾಗನೂ ತಪಾಸ ಆಗಿತ್ತಂತಲ್ರಿ. ಅದ್ರಾಗೂ ಪಾಸಾಗಿದ್ಲಂತ. ಗಂಗಾನ ಹೇಳ್ಯಾಳ. ಇನ್ನ ಯಾವ ತಪಾಸ ನಂಬೂಣು, ನೀವ ಹೇಳ್ರಿ." ಆಯಿ ನನ್ನ ಹೆಗಲು ಹಿಡಿದು ಎದ್ದಳು.

ಆ ಮನೆ ಈಗ ಇಲ್ಲ. ಆಯಿ ಹೋದ ಮೇಲೆ ಪಾಲಾಯಿತು, ನಡುವೆ ಗೋಡೆ ಎದ್ದಿತು, ಪಡಸಾಲೆಯ ಕಂಬಗಳನ್ನು ಕಿತ್ತು ಮಾರಿದರು. ಎಲ್ಲರ ಮೇಲೂ ನನಗೆ ಸಿಟ್ಟಿದೆ. ಊರಿನ ಮೇಲೆ ಬಹಳ, ಆಯಿಯ ಮೇಲೆ ಸ್ವಲ್ಪ. ಆದರೆ ಆ ಮನೆಯನ್ನು ನೆನೆಸಿಕೊಂಡರೆ ಕಣ್ಣ ಮುಂದೆ ಬರುವುದು ಆಯಿಯ ಕೊನೆಯ ವರ್ಷಗಳ ಸಂಜೆಗಳು. ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಮಡಚಿದ ಬೆರಳುಗಳನ್ನು ನೀವಿ ನೇರ ಮಾಡುತ್ತಿರಬೇಕು ಎಂದು ದವಾಖಾನೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಮನೆಯೊಳಗೆ ಮಾಡಬಹುದಿತ್ತು. ಆಯಿ ಗಂಗಕ್ಕನನ್ನು ಹೊರಗೆ ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡು, ಹೊಲದಿಂದ ಬರುವ ಹೋಗುವ ಮಂದಿಯೆಲ್ಲ ನೋಡುವಂತೆ, ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಯಾರಾದರೂ ನಿಂತು ನೋಡಿದರೆ, "ಏನ ನೋಡ್ತಿ? ನಮ್ಮ ಹುಡುಗಿ ಕೈ ಐತಿ" ಎನ್ನುತ್ತಿದ್ದಳು. ಕಣ್ಣು ಮಂಜಾಗಿದ್ದವು. ಕಿರುಬೆರಳನ್ನು ಹಿಡಿದು, ಮೆಲ್ಲಗೆ ಬಿಡಿಸುತ್ತ, "ನಾ ಮುಟ್ಟಿದ್ದ ಗೊತ್ತಾಗತೈತೇನ ಗಂಗವ್ವಾ?" ಎಂದು ಕೇಳುತ್ತಿದ್ದಳು.

ಗಂಗಕ್ಕ ಓಣಿಯ ಕಡೆ ನೋಡುತ್ತ ಕೂತಿರುತ್ತಿದ್ದಳು. "ಹೂಂ ಆಯಿ, ಗೊತ್ತಾಗತೈತಿ" ಎನ್ನುತ್ತಿದ್ದಳು. ಆಯಿ ಇನ್ನಷ್ಟು ಎಣ್ಣೆ ಹಾಕಿಕೊಂಡು ಮುಂದಿನ ಬೆರಳು ಹಿಡಿಯುತ್ತಿದ್ದಳು.